ಪಗಡಿ ತೆಗೆದಿಟ್ಟು ಕೆಲಸಕ್ಕೆ ಬಾ ಅಂದರೆ

ಎರಡು ವರ್ಷ ನಾನು ಹಲಸೂರಿನಲ್ಲಿ ಒಬ್ಬ ಸಿಖ್ ಗೆಳೆಯನ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಬೆಳಿಗ್ಗೆ ಏಳೂವರೆ ಆಯಿತೆಂದರೆ ಹಾಲ್‌ನಿಂದ ಕೂಗು ಬರುತ್ತಿತ್ತು: "ಗುರು, ಒಂದ್ನಿಮಿಷ ಬಾ." ಹಲ್ಲುಜ್ಜುತ್ತಿದ್ದರೂ ಬಿಟ್ಟು ಹೋಗಬೇಕು. ಐದು ಮೀಟರಿಗಿಂತ ಉದ್ದದ ತೆಳು ಹತ್ತಿ ಬಟ್ಟೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಇಬ್ಬರೂ ಬಿಗಿಯಾಗಿ ಎಳೆದು, ಉದ್ದುದ್ದಕ್ಕೆ ಮಡಚಿ, ಮತ್ತೆ ಎಳೆದು, ಮತ್ತೆ ಮಡಚುತ್ತಿದ್ದೆವು. ನಡುವೆ ಒಂದು ಸುಕ್ಕು ಕಂಡರೂ ಅವನು ಮೊದಲಿನಿಂದ ಶುರು ಮಾಡಿಸುತ್ತಿದ್ದ. ಪಂಜಾಬಿಯಲ್ಲಿ ಇದಕ್ಕೆ ಪೂಣಿ ಅನ್ನುತ್ತಾರೆ. ಆಮೇಲೆ ಬಟ್ಟೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕನ್ನಡಿ ಮುಂದೆ ನಿಂತು ಒಂದೊಂದೇ ಸುತ್ತು ಹಾಕುತ್ತಿದ್ದ. ಕೊನೆಗೆ ಒಂದು ಉಕ್ಕಿನ ಕಡ್ಡಿಯಿಂದ ಹೊರಗೆ ಇಣುಕಿದ ಕೂದಲನ್ನು ಒಳಗೆ ಸೇರಿಸುತ್ತಿದ್ದ. ಗಡ್ಡದ ಕೆಲಸ ಅದಕ್ಕೂ ಮೊದಲೇ ಆಗಿರುತ್ತಿತ್ತು. ಜೆಲ್ ಹಚ್ಚಿ ಬಾಚಿ, ಅದು ಕೂರುವವರೆಗೆ ಗಲ್ಲದ ಕೆಳಗಿನಿಂದ ತಲೆ ಮೇಲಕ್ಕೆ ಒಂದು ಬಟ್ಟೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಆ ಪಟ್ಟಿಗೆ ಠಾಠಾ ಅಂತ ಹೆಸರು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಒಂದು ದಿನ ಆಫೀಸಿನಲ್ಲಿ ಅವನ ಮ್ಯಾನೇಜರ್ ಹೇಳಿದರಂತೆ: "ನಾಳೆ ಕ್ಲೈಂಟ್ ಬರ್ತಿದ್ದಾರೆ, ಸ್ವಲ್ಪ ನೀಟಾಗಿ ಬಾ." ನಮ್ಮ ಮನೆಯಲ್ಲಿ ಅವನಷ್ಟು ನೀಟಾಗಿ ಹೊರಡುವವರು ಯಾರೂ ಇರಲಿಲ್ಲ. ಸಂಜೆ ಅವನು ಈ ಮಾತನ್ನು ನನಗೆ ಹೇಳಿ, "ಅಂದ್ರೆ ಏನು ಮಾಡ್ಬೇಕು ಅಂತ ಅರ್ಥ?" ಅಂತ ಕೇಳಿದ. ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ನನ್ನ ಬಳಿ ಉತ್ತರ ಇರಲಿಲ್ಲ.

ಕೆಲಸದ ಜಾಗದಲ್ಲಿ "ಎಲ್ಲರ ಹಾಗೆ ಇರು" ಅನ್ನುವ ಒತ್ತಡ ಎಲ್ಲರಿಗೂ ಇದೆ. ಸಿಖ್ಖರಿಗೆ ಅದು ಯಾಕೆ ಇಷ್ಟು ಭಾರ? ಕಾನೂನು ಇದಕ್ಕೆ ಏನು ಮಾಡಿದೆ, ಎಲ್ಲಿ ಕೈಚೆಲ್ಲಿದೆ? ಆ ಸಂಜೆಯ ನಂತರ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕೂದಲಿನ ವಿಷಯ. 1699ರ ಬೈಸಾಖಿ ಹಬ್ಬದ ದಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ ಸಿಂಗರು ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ ಕಟ್ಟಿದರು. ತಲೆ ಕೊಡುವವರು ಯಾರಿದ್ದೀರಿ ಅಂತ ಕೇಳಿದಾಗ ಐದು ಜನ ಒಬ್ಬೊಬ್ಬರಾಗಿ ಎದ್ದು ಬಂದರು. ಅವರೇ ಪಂಜ್ ಪ್ಯಾರೆ, ಐವರು ಪ್ರೀತಿಪಾತ್ರರು. ಅವರಲ್ಲಿ ಒಬ್ಬರು ನಮ್ಮ ಬೀದರಿನವರು, ಸಾಹಿಬ್ ಚಂದ್. ದೀಕ್ಷೆಯ ನಂತರ ಭಾಯಿ ಸಾಹಿಬ್ ಸಿಂಗ್ ಆದರು. ಸಿಖ್ ಪರಂಪರೆ ಹೇಳುವಂತೆ ಅವರು ಕ್ಷೌರಿಕ ಮನೆತನದವರು. ಕೂದಲು ಕತ್ತರಿಸುವುದೇ ಮನೆ ಕಸುಬಾಗಿದ್ದ ಮನುಷ್ಯ, ಕೂದಲಿಗೆ ಕತ್ತರಿ ಹಾಕುವುದಿಲ್ಲ ಅನ್ನುವ ವ್ರತ ತೊಟ್ಟ ಮೊದಲ ಐವರಲ್ಲಿ ಒಬ್ಬರಾದರು. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದಾಗಲೆಲ್ಲ ನನಗೆ ಅಲ್ಲಿನ ಸಿಹಿನೀರಿಗಿಂತ ಮೊದಲು ನೆನಪಾಗುವುದು ಇವರೇ.

ಅಂದಿನಿಂದ ದೀಕ್ಷೆ ಪಡೆದ ಸಿಖ್ಖರು ಐದು ವಸ್ತುಗಳನ್ನು ಮೈಮೇಲೆ ಇಟ್ಟುಕೊಳ್ಳುತ್ತಾರೆ. ಕೇಶ್ ಅಂದರೆ ಕತ್ತರಿಸದ ಕೂದಲು. ಕಂಘಾ ಮರದ ಬಾಚಣಿಗೆ. ಕಡಾ ಉಕ್ಕಿನ ಬಳೆ. ಕಛೇರಾ ಒಳಚಡ್ಡಿ. ಕಿರ್ಪಾನ್ ಚಿಕ್ಕ ಖಡ್ಗ. ಪಗಡಿ ಈ ಐದರಲ್ಲಿ ಇಲ್ಲ, ಆದರೆ ಕೇಶವನ್ನು ಕಾಯುವುದು ಅದೇ. ಹಾಗಾಗಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಎಲ್ಲ ಸಿಖ್ಖರೂ ಇದನ್ನು ಒಂದೇ ರೀತಿ ಪಾಲಿಸುತ್ತಾರೆ ಅಂತ ಅಲ್ಲ. ದೀಕ್ಷೆ ಪಡೆದವರು ಅಮೃತಧಾರಿ. ದೀಕ್ಷೆ ಇಲ್ಲದೆಯೂ ಕೂದಲು ಬಿಟ್ಟವರು ಕೇಶಧಾರಿ. ಕೂದಲು ಕತ್ತರಿಸಿದವರನ್ನು ಮಾತಿನಲ್ಲಿ ಮೋನಾ ಅನ್ನುತ್ತಾರೆ. ಒಂದೇ ಮನೆಯಲ್ಲಿ ಮೂರೂ ತರದವರು ಇರುತ್ತಾರೆ. ನನ್ನ ಗೆಳೆಯನ ಅಣ್ಣನೇ ಕೂದಲು ಕತ್ತರಿಸಿದ್ದ.

"ಧರ್ಮ ಮನೆಯಲ್ಲಿರಲಿ, ಆಫೀಸಿಗೆ ಬರುವಾಗ ಬಿಟ್ಟು ಬಾ." ಈ ಮಾತು ಕೇಳಲು ಸರಿ ಅನ್ನಿಸುತ್ತೆ, ಅಲ್ವಾ? ಸಿಖ್ ಬದುಕಿನಲ್ಲಿ ಮಾತ್ರ ಅದಕ್ಕೆ ಅರ್ಥವೇ ಹುಟ್ಟುವುದಿಲ್ಲ. ಅವರ ಮೂರು ಮೂಲ ಪಾಠಗಳಲ್ಲಿ ಒಂದು ಕಿರತ್ ಕರೋ, ಅಂದರೆ ದುಡಿದು ತಿನ್ನು. ಉಳಿದ ಎರಡು ನಾಮ್ ಜಪೋ, ವಂಡ್ ಛಕೋ. ದೇವರನ್ನು ನೆನೆ, ಹಂಚಿ ಉಣ್ಣು. ಕಾಯಕವೇ ಕೈಲಾಸ ಅಂತ ಕೇಳಿ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ದುಡಿಮೆ ಧರ್ಮದ ಒಳಗೇ ಇದೆ. ಪೂಜೆ ಮುಗಿಸಿ ಎದ್ದು ಕೆಲಸಕ್ಕೆ ಹೋಗುವುದಲ್ಲ, ಕೆಲಸವೂ ಅದರದೇ ಒಂದು ಭಾಗ. ಇನ್ನೊಂದು ವಿಷಯ ತೀರಾ ಸರಳ. ಕೂದಲನ್ನು ಬೆಳಿಗ್ಗೆ ತೆಗೆದಿಟ್ಟು ಸಂಜೆ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ. ಟೈ ಬಿಚ್ಚಿದ ಹಾಗೆ ಅಲ್ಲ ಅದು. ಒಮ್ಮೆ ಕತ್ತರಿಸಿದರೆ ಹತ್ತಾರು ವರ್ಷ ಬೆಳೆಸಿದ್ದು ಹೋಯಿತು.

ಈ ಒತ್ತಡಕ್ಕೆ ಹಳೆಯ ಚರಿತ್ರೆ ಇದೆ. ಬ್ರಿಟಿಷರ ಕಾಲದ ಭಾರತೀಯ ಸೇನೆ ಸಿಖ್ ಸೈನಿಕರು ಕೇಶ, ಪಗಡಿ ಉಳಿಸಿಕೊಳ್ಳಲೇಬೇಕು ಅಂತ ಒತ್ತಾಯಿಸುತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಅವರು ಪಗಡಿಯಲ್ಲೇ ಹೋರಾಡಿದರು. ಅದೇ ಬ್ರಿಟನ್ನಿಗೆ 1950, 60ರ ದಶಕದಲ್ಲಿ ಸಿಖ್ಖರು ದುಡಿಯಲು ಹೋದಾಗ ಬಸ್ ಓಡಿಸಲು ಪಗಡಿ ಅಡ್ಡ ಬಂತು. ವುಲ್ವರ್‌ಹ್ಯಾಂಪ್ಟನ್ ಊರಿನ ಬಸ್ ಚಾಲಕ ತರ್ಸೇಮ್ ಸಿಂಗ್ ಸಂಧು ಕೆಲಸಕ್ಕೆ ಸೇರುವಾಗ ಗಡ್ಡ ಬೋಳಿಸಿದ್ದರು. 1967ರಲ್ಲಿ ಹುಷಾರಿಲ್ಲದೆ ಕೆಲವು ವಾರ ರಜೆಯಲ್ಲಿದ್ದರು. ವಾಪಸ್ ಬಂದಾಗ ಗಡ್ಡ ಬಿಟ್ಟಿದ್ದರು, ಪಗಡಿ ಕಟ್ಟಿದ್ದರು. ಮನೆಗೆ ಕಳಿಸಿಬಿಟ್ಟರು. ಸಾವಿರಾರು ಸಿಖ್ಖರು ಊರಿನ ಬೀದಿಯಲ್ಲಿ ಮೆರವಣಿಗೆ ಹೋದರು. ಎರಡು ವರ್ಷ ಜಗಳ ನಡೆಯಿತು. ನಿಷೇಧ ತೆಗೆಯದಿದ್ದರೆ ಬೈಸಾಖಿ ದಿನ ಬೆಂಕಿ ಹಚ್ಚಿಕೊಳ್ಳುತ್ತೇನೆ ಅಂತ ಸೋಹನ್ ಸಿಂಗ್ ಜಾಲಿ ಎಂಬ ಹಿರಿಯರು ಘೋಷಿಸಿದರು. 1969ರ ಏಪ್ರಿಲ್‌ನಲ್ಲಿ, ಆ ದಿನಕ್ಕೆ ಸ್ವಲ್ಪ ಮುಂಚೆ, ನಿಷೇಧ ಹೋಯಿತು.

ಸಂಧು ಅವರ ಕತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ರಜೆಯ ವಾರಗಳು. ಕೆಲಸಕ್ಕಾಗಿ ಒಮ್ಮೆ ಬಿಟ್ಟುಕೊಟ್ಟವರು ಅವರು. ನಂತರ ಮನಸ್ಸು ತಡೆಯದೆ ವಾಪಸ್ ಬಂದರು. ಇಂಥ ವಾಪಸಾತಿ ಮುಂದೆಯೂ ಕಾಣಿಸುತ್ತದೆ.

ಬ್ರಿಟನ್ನಿನ ಕಾನೂನಿನಲ್ಲಿ ದೊಡ್ಡ ತಿರುವು ಬಂದದ್ದು 1983ರಲ್ಲಿ, ಮಾಂಡ್ಲಾ ಪ್ರಕರಣದಿಂದ. ಬರ್ಮಿಂಗ್‌ಹ್ಯಾಮಿನ ಒಂದು ಖಾಸಗಿ ಶಾಲೆ, ಪಗಡಿ ತೆಗೆದು ಕೂದಲು ಕತ್ತರಿಸಿದರೆ ಮಾತ್ರ ಸೀಟು ಅಂತ ಒಬ್ಬ ಸಿಖ್ ಹುಡುಗನಿಗೆ ಹೇಳಿತ್ತು. ವಿಷಯ ಶಾಲೆಯದ್ದು, ಆದರೆ ತೀರ್ಪಿನ ತರ್ಕ ಕೆಲಸದ ಜಾಗಕ್ಕೂ ದಾರಿ ಮಾಡಿತು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1976ರ ಜನಾಂಗ ಸಂಬಂಧಗಳ ಕಾಯ್ದೆ ಜನಾಂಗದ ಹೆಸರಿನಲ್ಲಿ ಭೇದ ಮಾಡುವುದನ್ನು ತಡೆಯುತ್ತಿತ್ತು. ಧರ್ಮದ ಮಾತು ಅದರಲ್ಲಿ ಇರಲಿಲ್ಲ. ಹಾಗಾಗಿ ಮೊದಲ ಪ್ರಶ್ನೆ: ಸಿಖ್ಖರು ಬರೀ ಒಂದು ಧರ್ಮದವರೋ, ಒಂದು ಜನಾಂಗವೋ? ಮೇಲ್ಮನವಿ ನ್ಯಾಯಾಲಯ ಜನಾಂಗ ಅಲ್ಲ ಅಂದಿತು. ಅದಕ್ಕೂ ಮೇಲಿನ ಹೌಸ್ ಆಫ್ ಲಾರ್ಡ್ಸ್ ಹೌದು ಅಂದಿತು. ತಮ್ಮದೇ ಆದ ದೀರ್ಘ ಚರಿತ್ರೆ, ತಮ್ಮದೇ ಸಂಸ್ಕೃತಿ ಇರುವ ಸಮುದಾಯ ಇದು ಅನ್ನುವುದು ಅದರ ಕಾರಣ.

ಎರಡನೇ ಪ್ರಶ್ನೆ ಒಂದು ಸಣ್ಣ ಕ್ರಿಯಾಪದದ ಮೇಲೆ ನಿಂತಿತ್ತು. ಶಾಲೆಯ ನಿಯಮವನ್ನು ಆ ಹುಡುಗ ಪಾಲಿಸಲು "ಸಾಧ್ಯ"ವೇ? ಕೈ ಇದೆ, ಕತ್ತರಿ ಇದೆ, ಕತ್ತರಿಸಲು ಯಾರಿಗೂ ಸಾಧ್ಯ. ಆದರೆ ಲಾರ್ಡ್ಸ್ ಹಾಗೆ ಓದಲಿಲ್ಲ. ಆ ಸಮುದಾಯದ ನಡೆನುಡಿಗೆ ಹೊಂದುವಂತೆ, ನಿಜ ಬದುಕಿನಲ್ಲಿ ಪಾಲಿಸಲು ಸಾಧ್ಯವೇ ಅನ್ನುವುದೇ ಸರಿಯಾದ ಪ್ರಶ್ನೆ ಅಂದರು. ಆಗ ಉತ್ತರ ಬದಲಾಯಿತು: ಸಾಧ್ಯವಿಲ್ಲ. "ಕತ್ತರಿಸಿಕೊಂಡರೆ ಆಯ್ತಪ್ಪ, ಏನಂತೆ?" ಅನ್ನುವ ಮಾತು ನಮ್ಮ ಸುತ್ತ ಎಷ್ಟು ಸಲೀಸಾಗಿ ಬರುತ್ತದೆ. ಅದಕ್ಕೆ ಇಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಸುರಕ್ಷತೆಗೆ ಇರುವ ನಿಯಮವಾದರೆ? ಕಟ್ಟಡದ ಕೆಲಸದಲ್ಲಿ ಹೆಲ್ಮೆಟ್, ವಿಷಾನಿಲ ಇರುವಲ್ಲಿ ಮುಖಕ್ಕೆ ಬಿಗಿಯಾಗಿ ಅಂಟುವ ಮಾಸ್ಕ್. ಇವನ್ನು ಸುಮ್ನೆ ಸಮವಸ್ತ್ರದ ಜಗಳ ಅಂತ ತಳ್ಳಿಹಾಕುವಂತಿಲ್ಲ. ನ್ಯಾಯಾಲಯಗಳಲ್ಲಿ ಸಿಖ್ಖರು ಸೋತದ್ದೂ ಉಂಟು. 1984ರಲ್ಲಿ ಅಮೆರಿಕದಲ್ಲಿ ಒಬ್ಬ ಯಂತ್ರ ಕೆಲಸಗಾರ ಮಾಸ್ಕ್‌ಗಾಗಿ ಗಡ್ಡ ಬೋಳಿಸಲು ಒಪ್ಪದೆ ತೈಲ ಕಂಪನಿಯ ವಿರುದ್ಧ ಸೋತರು. 1985ರಲ್ಲಿ ಕೆನಡಾದ ಒಬ್ಬ ರೈಲ್ವೆ ಎಲೆಕ್ಟ್ರಿಷಿಯನ್ ಹೆಲ್ಮೆಟ್ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1976ರಲ್ಲಿ ಪಗಡಿ ಕಟ್ಟಿದ ಸಿಖ್ಖರಿಗೆ ಬೈಕ್ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿತು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೂ ಅದೇ ವಿನಾಯಿತಿ ಇದೆ. ಬ್ರಿಟನ್ನಿನಲ್ಲಿ 1989ರಲ್ಲಿ ಕಟ್ಟಡ ಕೆಲಸಕ್ಕೆ, 2015ರಲ್ಲಿ ಬಹುತೇಕ ಎಲ್ಲ ಕೆಲಸದ ಜಾಗಗಳಿಗೆ ವಿನಾಯಿತಿ ಹಬ್ಬಿತು. ಇದಕ್ಕೊಂದು ಬೆಲೆಯೂ ಇದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಪಗಡಿ ಕಟ್ಟಿದ ಕೆಲಸಗಾರನ ತಲೆಗೆ ಪೆಟ್ಟು ಬಿತ್ತು ಅನ್ನಿ. ಹೆಲ್ಮೆಟ್ ಇದ್ದಿದ್ದರೂ ಆಗುತ್ತಿದ್ದ ಗಾಯಕ್ಕೆ ಮಾತ್ರ ಪರಿಹಾರ ಕೇಳಬಹುದು. ಅದಕ್ಕಿಂತ ಹೆಚ್ಚಿನದು ಅವನ ಪಾಲಿಗೆ. ಅಂದರೆ ಸ್ವಾತಂತ್ರ್ಯದ ಜೊತೆ ಅಪಾಯದ ಹೊಣೆಯನ್ನೂ ಅವನೇ ಹೊತ್ತಿದ್ದಾನೆ. ಪುಕ್ಕಟೆ ರಿಯಾಯಿತಿ ಅನ್ನುವವರು ಇದನ್ನು ತಿಳಿದಿರಬೇಕು.

ಮಾಸ್ಕ್ ವಿಷಯ ಇನ್ನೂ ಕಷ್ಟದ್ದು, ಯಾಕೆಂದರೆ ಗಡ್ಡದ ನಡುವಿನಿಂದ ಗಾಳಿ ನುಗ್ಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಈ ಪ್ರಶ್ನೆ ಆಸ್ಪತ್ರೆಗಳಲ್ಲಿ ನಿಜವಾಗಿ ಎದ್ದಿತು. ಮಾಂಟ್ರಿಯಲ್‌ನ ಇಬ್ಬರು ಸಿಖ್ ಸಹೋದರರು, ಇಬ್ಬರೂ ವೈದ್ಯರು, ರೋಗಿಗಳನ್ನು ನೋಡಲೇಬೇಕು ಅಂತ ತಾವೇ ನಿರ್ಧರಿಸಿ ಗಡ್ಡ ಬೋಳಿಸಿದರು. ಅದು ತಮ್ಮ ಬದುಕಿನ ತೀರಾ ನೋವಿನ ನಿರ್ಧಾರಗಳಲ್ಲಿ ಒಂದು ಅಂತ ಹೇಳಿಕೊಂಡರು. ಸೇವೆಯೂ ಸಿಖ್ ಧರ್ಮದ ಜೀವಾಳ. ಎರಡು ಕರ್ತವ್ಯಗಳ ನಡುವೆ ಸಿಕ್ಕಿ ಅವರು ಒಂದನ್ನು ಆರಿಸಿದರು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಕೆಲವು ವೈದ್ಯರು ಬೇರೆಯದನ್ನು ಪ್ರಯತ್ನಿಸಿದರು. ನನ್ನ ಗೆಳೆಯ ಗಡ್ಡ ಕೂರಿಸಲು ಕಟ್ಟುತ್ತಿದ್ದ ಠಾಠಾ ನೆನಪಿದೆಯಲ್ಲ? ಬಟ್ಟೆಯ ಬದಲು ಹಿಗ್ಗುವ ರಬ್ಬರ್ ಹಾಳೆಯನ್ನು ಅದೇ ರೀತಿ ಗಲ್ಲದ ಕೆಳಗಿನಿಂದ ತಲೆ ಮೇಲಕ್ಕೆ ಕಟ್ಟಿದರು. ಗಡ್ಡ ಪೂರ್ತಿ ಮುಚ್ಚಿತು, ಮುಖದ ಮೇಲೆ ನುಣುಪಾದ ಪದರ ಬಂತು. ಅದರ ಮೇಲೆ ಮಾಸ್ಕ್ ಹಾಕಿ ಸೋರಿಕೆ ಪರೀಕ್ಷೆ ಮಾಡಿದರೆ ಬಹುತೇಕ ಎಲ್ಲರೂ ಪಾಸಾದರು. ಇದಕ್ಕೆ ಸಿಂಗ್ ಠಾಠಾ ವಿಧಾನ ಅನ್ನುವ ಹೆಸರೇ ಬಿತ್ತು, ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವೂ ಆಯಿತು. ಎಲ್ಲ ಆಸ್ಪತ್ರೆಗಳೂ ಒಪ್ಪಿವೆ ಅಂತ ಅಲ್ಲ. ಆದರೆ ಗಡ್ಡವೋ ಕೆಲಸವೋ ಅಂತ ಎಷ್ಟೋ ವರ್ಷ ಕೇಳುತ್ತಿದ್ದ ಪ್ರಶ್ನೆಗೆ ಅಜ್ಜಂದಿರ ಕಾಲದ ಬಟ್ಟೆ ಪಟ್ಟಿಯಲ್ಲೇ ಒಂದು ಉತ್ತರ ಇತ್ತು. ನಿಯಮದ ಉದ್ದೇಶ ಗಾಳಿ ಸೋರಬಾರದು ಅನ್ನುವುದು ತಾನೇ? ಅದನ್ನು ಹಿಡಿದು ಯೋಚಿಸಿದವರಿಗೆ ದಾರಿ ಸಿಕ್ಕಿತು.

ಅಮೆರಿಕದ ಸೇನೆಯ ಕತೆಯೂ ಇದೇ ದಾರಿಯಲ್ಲಿ ಹೋಗುತ್ತದೆ. ಅಲ್ಲಿ ಸಿಖ್ಖರು ಪಗಡಿಯಲ್ಲೇ ಸೇವೆ ಮಾಡುತ್ತಿದ್ದರು. 1981ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು. 2009ರಲ್ಲಿ ಕಮಲ್‌ಜೀತ್ ಸಿಂಗ್ ಕಲ್ಸಿ ಎಂಬ ವೈದ್ಯರು ವಿಶೇಷ ಅನುಮತಿ ಪಡೆದು, ಪಗಡಿ ಗಡ್ಡದಲ್ಲೇ ಅಫ್ಘಾನಿಸ್ತಾನಕ್ಕೆ ಹೋಗಿ ಬಂದರು. ಸಿಮ್ರತ್‌ಪಾಲ್ ಸಿಂಗ್ ಅವರದ್ದು ಇನ್ನೊಂದು ಬಗೆ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಸೇರುವಾಗ ಅವರು ಕೂದಲು ಕತ್ತರಿಸಿ ಗಡ್ಡ ಬೋಳಿಸಿದರು. ಸುಮಾರು ಹತ್ತು ವರ್ಷ ಹಾಗೇ ಇದ್ದರು. ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿ ಕಂಚಿನ ನಕ್ಷತ್ರ ಪದಕ ಪಡೆದರು. ಆಮೇಲೆ, ಇನ್ನು ಆಗುವುದಿಲ್ಲ ಅಂತ ಪಗಡಿ, ಗಡ್ಡಕ್ಕೆ ಅನುಮತಿ ಕೇಳಿದರು. ಬೇರೆ ಸೈನಿಕರಿಗೆ ಇಲ್ಲದ ಹೆಲ್ಮೆಟ್, ಮಾಸ್ಕ್ ಪರೀಕ್ಷೆಗಳನ್ನು ಸೇನೆ ಅವರ ಮೇಲೆ ಹೇರಲು ಹೊರಟಾಗ ನ್ಯಾಯಾಲಯ ತಡೆಯಿತು. 2016ರಲ್ಲಿ ಅವರಿಗೆ ಅನುಮತಿ ಸಿಕ್ಕಿತು. 2017ರ ಜನವರಿಯಲ್ಲಿ ಸೇನೆ ನಿಯಮವನ್ನೇ ಬದಲಿಸಿತು.

ವುಲ್ವರ್‌ಹ್ಯಾಂಪ್ಟನ್‌ನ ಬಸ್ ಚಾಲಕ, ಅಮೆರಿಕದ ಈ ಕ್ಯಾಪ್ಟನ್. ನಡುವೆ ಐವತ್ತು ವರ್ಷ. ಇಬ್ಬರೂ ಮೊದಲು ಕತ್ತರಿಸಿದರು, ಚೆನ್ನಾಗಿ ಕೆಲಸ ಮಾಡಿದರು, ನಂತರ ವಾಪಸ್ ಬಂದರು. ಕತ್ತರಿಸಿದ ಮೇಲೆ ಎಲ್ಲ ಸಲೀಸಾಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತೇವೆ. ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಇವರಿಬ್ಬರೂ ಸಾಕ್ಷಿ. ಈ ಅನುಮತಿಗಳೂ ಶಾಶ್ವತ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಕ್ಷಣಾ ಮುಖ್ಯಸ್ಥ ಪೀಟ್ ಹೆಗ್ಸೆತ್ ಗಡ್ಡದ ವಿನಾಯಿತಿಗಳನ್ನು ಬಿಗಿ ಮಾಡುವುದಾಗಿ ಹೇಳಿದಾಗ ಸಿಖ್ ಸೈನಿಕರಿಗೆ ಮತ್ತೆ ಆತಂಕ ಶುರುವಾಯಿತು.

ಖಾಸಗಿ ಕಂಪನಿಗಳಲ್ಲಿ ಅಮೆರಿಕದ ಕಾನೂನು ಹೇಗೆ ಕೆಲಸ ಮಾಡುತ್ತದೆ? 1964ರ ನಾಗರಿಕ ಹಕ್ಕು ಕಾಯ್ದೆಯಂತೆ ಮಾಲೀಕರು ನೌಕರನ ಧಾರ್ಮಿಕ ಆಚರಣೆಗೆ ಅನುವು ಮಾಡಿಕೊಡಬೇಕು, ತಮಗೆ ವಿಪರೀತ ತೊಂದರೆ ಆಗದಿದ್ದರೆ. ವಿಪರೀತ ಅಂದರೆ ಎಷ್ಟು? 1977ರ ಒಂದು ತೀರ್ಪಿನಿಂದ, ಅಲ್ಪಸ್ವಲ್ಪ ಖರ್ಚಾದರೂ ಸಾಕು, ಮಾಲೀಕ ಆಗಲ್ಲ ಅನ್ನಬಹುದು ಅನ್ನುವಂತಾಯಿತು. 2023ರಲ್ಲಿ ಗ್ರಾಫ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಿತು. ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆ ಅಂತ ತೋರಿಸಬೇಕು. ನಡುವಿನ ನಲವತ್ತಾರು ವರ್ಷ ಎಷ್ಟು ಜನ ಕತ್ತರಿ ಹಿಡಿದರೋ.

ಕೆಲವು ಕಡೆ ಇನ್ನೊಂದು ಉಪಾಯ ಮಾಡುತ್ತಿದ್ದರು. ಪಗಡಿ ಇರಲಿ, ಆದರೆ ಗಿರಾಕಿಗಳ ಕಣ್ಣಿಗೆ ಬೀಳದ ಹಿಂದಿನ ಕೋಣೆಯಲ್ಲಿ ಕೆಲಸ ಮಾಡು. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆ ಸಿಖ್ ನೌಕರರಿಗೆ, ಪಗಡಿ ಮೇಲೆ ಸಂಸ್ಥೆಯ ಲೋಗೋ ಅಂಟಿಸಿಕೊಳ್ಳಿ, ಇಲ್ಲವೇ ಜನರಿಗೆ ಕಾಣದ ಕೆಲಸಕ್ಕೆ ಹೋಗಿ ಅಂದಿತ್ತು. ಆ ಜಗಳ 2012ರಲ್ಲಿ ರಾಜಿಯಲ್ಲಿ ಮುಗಿಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ಮಾಡಿ, ಜನರ ಕಣ್ಣಿನಿಂದ ಮರೆ ಮಾಡುವುದು ಅನುವು ಮಾಡಿಕೊಟ್ಟಂತೆ ಅಲ್ಲ ಅಂತ ಬರೆಯಿತು. ಕೆನಡಾದ ಕ್ವಿಬೆಕ್ 2019ರಲ್ಲಿ ಪೂರ್ತಿ ಉಲ್ಟಾ ಹೋಯಿತು. ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕೆಲಸದಲ್ಲಿ ಧಾರ್ಮಿಕ ಗುರುತು ಹಾಕುವಂತಿಲ್ಲ. ಆಗಲೇ ಕೆಲಸದಲ್ಲಿದ್ದವರಿಗೆ ವಿನಾಯಿತಿ ಇದೆ, ಅದೇ ಹುದ್ದೆಯಲ್ಲಿ ಇರುವವರೆಗೆ ಮಾತ್ರ. ಶಿಕ್ಷಕಿಯೊಬ್ಬರು ಪ್ರಿನ್ಸಿಪಾಲ್ ಆಗಬೇಕೆಂದರೆ ಪಗಡಿ ಬಿಡಬೇಕು.

ಇಷ್ಟೆಲ್ಲ ಆದೇಶಗಳ ಮಾತು. ಆದೇಶ ಕಾಗದದ ಮೇಲೆ ಇರುತ್ತದೆ, ಅದನ್ನು ಕೋರ್ಟಿಗೆ ಒಯ್ಯಬಹುದು. "ಸ್ವಲ್ಪ ನೀಟಾಗಿ ಬಾ" ಅನ್ನುವುದನ್ನು ಎಲ್ಲಿಗೆ ಒಯ್ಯುವುದು? ನನ್ನ ಪ್ರಕಾರ ಒತ್ತಡದ ದೊಡ್ಡ ಪಾಲು ಇರುವುದು ಇಲ್ಲೇ. ಗಡ್ಡವನ್ನು ಬಿಡಬೇಕೋ, ಮಡಚಿ ಕಟ್ಟಬೇಕೋ ಅನ್ನುವ ಲೆಕ್ಕ. ಸಂದರ್ಶನಕ್ಕೆ ಕಪ್ಪು ಪಗಡಿ ಒಳ್ಳೆಯದೋ, ನೀಲಿಯೋ ಅನ್ನುವ ಲೆಕ್ಕ. ಕೆಲಸ ಮುಗಿದ ಮೇಲೆ ಎಲ್ಲರೂ ಕುಡಿಯಲು ಹೋದಾಗ, ಕುಡಿಯುವಂತಿಲ್ಲದ ಅಮೃತಧಾರಿ ಏನು ಮಾಡಬೇಕು? ಹೋಗದಿದ್ದರೆ ಬೆರೆಯುವುದಿಲ್ಲ ಅಂತ ಹೆಸರು. ಬಡ್ತಿಯ ಮಾತು ಅಂಥ ಟೇಬಲ್‌ಗಳಲ್ಲೇ ಅಲ್ವಾ ನಡೆಯುವುದು. ಹೆಸರಿಗೂ ಇದೇ ಪಾಡು. ಸಿಂಗ್, ಕೌರ್ ತೀರಾ ಸಾಮಾನ್ಯ ಹೆಸರು, ಬೇರೆ ಅಡ್ಡಹೆಸರು ಇಟ್ಟುಕೊಳ್ಳಿ ಅಂತ ಕೆನಡಾದ ವಲಸೆ ಇಲಾಖೆ ಅರ್ಜಿದಾರರಿಗೆ ಹೇಳುತ್ತಿತ್ತು. 2007ರಲ್ಲಿ ಜನ ಸಿಟ್ಟಾದ ಮೇಲೆ ಕೈಬಿಟ್ಟಿತು. ಜಾತಿ ಹೆಸರನ್ನು ಅಳಿಸಲೆಂದೇ ಗಂಡಸರಿಗೆಲ್ಲ ಸಿಂಗ್, ಹೆಂಗಸರಿಗೆಲ್ಲ ಕೌರ್ ಅಂತ ಹೆಸರು ಕೊಟ್ಟ ಪರಂಪರೆ ಅದು.

ಹೆಂಗಸರ ಪಾಡನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಕೇಶದ ವ್ರತ ಅವರಿಗೂ ಇದೆ. ಹುಬ್ಬು ತೀಡಿಸದ, ತುಟಿ ಮೇಲಿನ ಕೂದಲು ತೆಗೆಯದ ಹುಡುಗಿ ಆಫೀಸಿನಲ್ಲಿ ಎಂಥ ನೋಟ ಎದುರಿಸುತ್ತಾಳೆ ಅಂತ ಬೇರೆ ಹೇಳಬೇಕಿಲ್ಲ. ಪಗಡಿ ಕಟ್ಟುವ ಹೆಂಗಸರು ಕಡಿಮೆ, ಹಾಗಾಗಿ ಅವರನ್ನು ಕಂಡಾಗ ಸಿಖ್ ಅಂತ ಗುರುತಿಸುವವರೂ ಕಡಿಮೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ನಡುವೆ ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಾಗ, ಬೆಂಗಳೂರಿನ ಒಂದು ಕಾಲೇಜು ಹದಿನೇಳು ವರ್ಷದ ಅಮೃತಧಾರಿ ಹುಡುಗಿಗೂ ಪಗಡಿ ತೆಗೆಯಲು ಕೇಳಿತು. ಅವಳ ಮನೆಯವರು ಒಪ್ಪಲಿಲ್ಲ. ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಅಂತ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಬರೆದಿರುವ ದೇಶ ನಮ್ಮದು. ಪಂಜ್ ಪ್ಯಾರೆಯರಲ್ಲಿ ಒಬ್ಬರನ್ನು ಕೊಟ್ಟ ರಾಜ್ಯವೂ ನಮ್ಮದೇ. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಂಕಟ ಆಯಿತು.

ಕೂದಲು ಕತ್ತರಿಸಿದ ಸಿಖ್ಖರ ಬಗ್ಗೆ ನಾನು ಏನೂ ಹೇಳಲಾರೆ, ಹೇಳಲೂ ಬಾರದು. ಮನಸ್ಸಾರೆ ಕತ್ತರಿಸಿದವರು ಇದ್ದಾರೆ, ಅದು ಅವರ ಬದುಕು. ಗೆಳೆಯನ ಅಣ್ಣ ಮಾತ್ರ ಹಾಗಲ್ಲ. ಮೂರು ಸಂದರ್ಶನಗಳಲ್ಲಿ ಕೆಲಸ ಸಿಗದೆ, ನಾಲ್ಕನೆಯದರ ಹಿಂದಿನ ಸಂಜೆ ಸಲೂನಿಗೆ ಹೋದನಂತೆ. ಯಾರೂ ಹೋಗು ಅಂದಿರಲಿಲ್ಲ. ಕತ್ತರಿಸಿದ ಜಡೆಯನ್ನು ಅವರಮ್ಮ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಈಗಲೂ ಅಲ್ಲೇ ಇದೆ ಅಂತ ಅವನು ಹೇಳಿದ್ದ.

ಆ ಕ್ಲೈಂಟ್ ಬಂದ ದಿನ ಗೆಳೆಯ ಎಂದಿಗಿಂತ ಅರ್ಧ ಗಂಟೆ ಮೊದಲೇ ನನ್ನನ್ನು ಕರೆದ. ಗಾಢ ನೀಲಿ ಬಟ್ಟೆ, ಹೊಸದು. ಆವತ್ತು ಪೂಣಿಯನ್ನು ನಾಲ್ಕು ಸಲ ಮಾಡಿಸಿದ. ನಾನೂ ಏನೂ ಅನ್ನದೆ ಎಳೆದು ಹಿಡಿದೆ. ಈಗ ಅವನು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದಾನೆ, ಒಬ್ಬನೇ. ಹೋದ ತಿಂಗಳು ಫೋನಿನಲ್ಲಿ, ಬೆಳಿಗ್ಗೆ ಆಚೆ ತುದಿ ಯಾರು ಹಿಡೀತಾರೋ ಅಂತ ಕೇಳಿದೆ. ಬಾಗಿಲ ಹಿಡಿಕೆಗೆ ಕಟ್ಟುತ್ತೇನೆ ಅಂದ. "ಆದ್ರೆ ಗುರು, ಮಡಿಕೆ ಅಷ್ಟು ನೇರ ಬರಲ್ಲ."